ಭದ್ರ ನೌಕರಿ ಬಿಟ್ಟವರ ಗಡಿಯಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ರೈತರ ಮನೆಗೆ ಹೋದರೂ ಅಟ್ಟದ ಮೇಲೆ ತೆಂಗಿನಕಾಯಿಯ ರಾಶಿ ಕಾಣುತ್ತದೆ. ಚೆನ್ನಾಗಿ ಬಲಿತ ಕಾಯಿಗಳನ್ನು ಸಿಪ್ಪೆ ಸಹಿತ ಅಲ್ಲಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿ ಅಲ್ಲಾಡಿಸಿದಾಗ ಒಳಗೆ ಗಡಗಡ ಸದ್ದಾದರೆ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ. ಗಿಡ ನೆಟ್ಟು ಆರೆಂಟು ವರ್ಷ, ಕೊಯ್ದ ಮೇಲೆ ಮತ್ತೊಂದು ವರ್ಷ ಕಾಯುವುದು ಇಲ್ಲಿನವರಿಗೆ ಹೊಸದಲ್ಲ. ಒಮ್ಮೆ ಫಲ ಕೊಡಲು ಆರಂಭಿಸಿದ ಮರ ಎರಡು ತಲೆಮಾರನ್ನು ಸಾಕುತ್ತದೆ.

ಇಂತಹ ನೆಲದಲ್ಲಿ ಬೆಳೆದವರಿಗೆ ನೌಕರಿಯೂ ತೆಂಗಿನ ಮರದಂತಿರಬೇಕು ಎನಿಸುವುದು ಸಹಜ. ಒಮ್ಮೆ ಸೇರಿದರೆ ನಿವೃತ್ತಿಯವರೆಗೆ ಚಿಂತೆ ಇರಬಾರದು. ಹೀಗಿರುವಾಗ ಇಂಜಿನಿಯರಿಂಗ್ ಓದಿದ ಮಗ ಅಥವಾ ಮಗಳು ದೊಡ್ಡ ಕಂಪನಿಯ ಕೆಲಸ ಬಿಟ್ಟು, ಹೆಸರೇ ಕೇಳದ ಒಂದು ನವೋದ್ಯಮ ಸೇರುತ್ತೇನೆಂದರೆ ಮನೆಯಲ್ಲಿ ಆತಂಕ ಹುಟ್ಟುತ್ತದೆ. ಈ ಆತಂಕ ಸರಿಯೇ, ತಪ್ಪೇ? ಉತ್ತರ ಹುಡುಕಲು ನಮ್ಮದೇ ಜಿಲ್ಲೆಯ ಒಂದು ಕೈಗಾರಿಕೆಯ ಇತಿಹಾಸವನ್ನು ನೋಡೋಣ. ಅದು ಕೈಗಡಿಯಾರದ ಕಥೆ.

ಎಚ್.ಎಂ.ಟಿ. ಎಂಬ ಭರವಸೆ

ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್.ಎಂ.ಟಿ., 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಉದ್ಯಮ. ಯಂತ್ರಗಳನ್ನು ತಯಾರಿಸುವ ಯಂತ್ರಗಳೇ ಅದರ ಮೊದಲ ಉತ್ಪನ್ನ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಅದು ಕೈಗಡಿಯಾರ ತಯಾರಿಕೆಗೂ ಇಳಿಯಿತು. ಮುಂದಿನ ಎರಡು ದಶಕಗಳಲ್ಲಿ ಭಾರತೀಯರ ಮಣಿಕಟ್ಟಿನ ಮೇಲೆ ಎಚ್.ಎಂ.ಟಿ. ಗಡಿಯಾರ ಸಾಮಾನ್ಯವಾಯಿತು. ಪರೀಕ್ಷೆ ಪಾಸಾದ ಹುಡುಗನಿಗೆ, ಮದುವೆಯ ಅಳಿಯನಿಗೆ ಅದೇ ಉಡುಗೊರೆ.

1970ರ ದಶಕದ ಕೊನೆಯಲ್ಲಿ ತುಮಕೂರಿಗೂ ಎಚ್.ಎಂ.ಟಿ.ಯ ಗಡಿಯಾರ ಕಾರ್ಖಾನೆ ಬಂದಿತು. ಕೇಂದ್ರ ಸರ್ಕಾರದ ಉದ್ಯಮ, ತಿಂಗಳ ಸಂಬಳ, ವಸತಿ, ಭವಿಷ್ಯನಿಧಿ. ಕೊಬ್ಬರಿ ಬೆಲೆ ಏರಿ ಇಳಿಯುವುದನ್ನು ಕಂಡು ಬೇಸತ್ತ ಮನೆಗಳಿಗೆ ಇದಕ್ಕಿಂತ ಭದ್ರವಾದ ಕೆಲಸ ಯಾವುದಿದ್ದೀತು?

ಹರಳಿನ ಮಿಡಿತ

ಆದರೆ ಆ ವೇಳೆಗಾಗಲೇ ಗಡಿಯಾರದ ವಿಜ್ಞಾನವೇ ಬದಲಾಗಿತ್ತು. ಯಾಂತ್ರಿಕ ಗಡಿಯಾರದಲ್ಲಿ ಸುರುಳಿಯ ಸ್ಪ್ರಿಂಗ್ ಶಕ್ತಿ ಒದಗಿಸುತ್ತದೆ. ತೂಗುಚಕ್ರವೊಂದು ಅತ್ತಿತ್ತ ತಿರುಗುತ್ತ ಕಾಲವನ್ನು ಅಳೆಯುತ್ತದೆ. ಗಂಟೆಗೆ 18,000 ಬಡಿತಗಳೆಂದರೆ ಸೆಕೆಂಡಿಗೆ 5. ಉಷ್ಣತೆ, ಎಣ್ಣೆಯ ಅಂಟುತನ, ಗಡಿಯಾರ ಇರಿಸಿದ ಭಂಗಿ ಎಲ್ಲವೂ ಈ ಬಡಿತದ ಮೇಲೆ ಪರಿಣಾಮ ಬೀರುತ್ತವೆ. ದಿನಕ್ಕೆ ಹಲವು ಸೆಕೆಂಡುಗಳ ವ್ಯತ್ಯಾಸ ಸಾಮಾನ್ಯ.

ಕ್ವಾರ್ಟ್ಜ್ ಹರಳಿನ ಗುಣ ಬೇರೆ. ಅದನ್ನು ಒತ್ತಿದರೆ ವಿದ್ಯುತ್ ವಿಭವ ಉಂಟಾಗುತ್ತದೆ. ವಿದ್ಯುತ್ ಹರಿಸಿದರೆ ಅದು ಕಂಪಿಸುತ್ತದೆ. ಕವೆಯ ಆಕಾರದಲ್ಲಿ ಕತ್ತರಿಸಿದ ಪುಟ್ಟ ಹರಳು ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಮಾಡುತ್ತಾರೆ. ಈ ಸಂಖ್ಯೆಯೇ ಏಕೆ? ಅದು 2ರ 15ನೆಯ ಘಾತ. ಸರಳ ಇಲೆಕ್ಟ್ರಾನಿಕ್ ಮಂಡಲವೊಂದು ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಉಳಿಯುತ್ತದೆ. ಆ ಮಿಡಿತ ಪುಟಾಣಿ ಮೋಟಾರನ್ನು ತಿರುಗಿಸಿ ಮುಳ್ಳನ್ನು ಮುಂದೂಡುತ್ತದೆ. ಇಲ್ಲಿ ವ್ಯತ್ಯಾಸ ತಿಂಗಳಿಗೆ ಸುಮಾರು 15 ಸೆಕೆಂಡು ಮಾತ್ರ!

ಜಪಾನಿನ ಸೀಕೋ ಕಂಪನಿ 1969ರ ಡಿಸೆಂಬರ್ 25ರಂದು ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ಬಿಟ್ಟಿತು. ಸ್ವಿಟ್ಜರ್ಲೆಂಡಿನ ಪ್ರಯೋಗಾಲಯವೊಂದು 1967ರಲ್ಲೇ ಮಾದರಿಯನ್ನು ಸಿದ್ಧಪಡಿಸಿತ್ತು. ಆದರೂ ಅಲ್ಲಿನ ಉದ್ಯಮ ಹಳೆಯ ಕುಶಲತೆಯನ್ನೇ ಹೆಚ್ಚಾಗಿ ನಂಬಿ ಕುಳಿತಿತು. ಮುಂದಿನ ಹದಿನೈದು ವರ್ಷಗಳಲ್ಲಿ ಸ್ವಿಸ್ ಗಡಿಯಾರ ಉದ್ಯಮದ ಉದ್ಯೋಗಗಳಲ್ಲಿ ಸುಮಾರು ಮೂರನೆಯ ಎರಡು ಭಾಗ ಮಾಯವಾದವು.

ಹೊಸೂರಿಗೆ ಹೊರಟವರು

1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ ಹೊಸ ಗಡಿಯಾರ ಕಂಪನಿಯೊಂದನ್ನು ಸ್ಥಾಪಿಸಿದವು. ಅದೇ ಟೈಟನ್. ಮುಂದಾಳು ಜೆರ್ಕ್ಸಿಸ್ ದೇಸಾಯಿ. ಕಾರ್ಖಾನೆ ಎದ್ದದ್ದು ಕರ್ನಾಟಕದ ಗಡಿಗೆ ಅಂಟಿಕೊಂಡ, ಕನ್ನಡ ಮಾತೂ ಕೇಳಿಬರುವ ಹೊಸೂರಿನಲ್ಲಿ. ಕಂಪನಿ ಮೊದಲ ದಿನದಿಂದಲೇ ಕ್ವಾರ್ಟ್ಜ್ ಮೇಲೆ ಪಣ ತೊಟ್ಟಿತು. 1987ರಲ್ಲಿ ಅದರ ಗಡಿಯಾರಗಳು ಅಂಗಡಿಗಳಲ್ಲಿ ಕಾಣಿಸಿಕೊಂಡವು.

ಹೊಸ ಕಾರ್ಖಾನೆಗೆ ಅನುಭವಿಗಳು ಬೇಕಿತ್ತು. ಆ ಕಾಲದ ಭಾರತದಲ್ಲಿ ಗಡಿಯಾರದ ತಂತ್ರ ಬಲ್ಲವರು ಹೆಚ್ಚಾಗಿ ಇದ್ದದ್ದು ಎಚ್.ಎಂ.ಟಿ.ಯಲ್ಲಿ. ಅಲ್ಲಿನ ಹಲವು ತಂತ್ರಜ್ಞರು ಸರ್ಕಾರಿ ಉದ್ಯಮದ ಭದ್ರತೆ ಬಿಟ್ಟು ಹೊಸೂರಿಗೆ ಹೊರಟರು. ಇನ್ನೂ ಒಂದು ಗಡಿಯಾರವನ್ನೂ ಮಾರದ ಕಂಪನಿಗೆ ಸೇರುವುದನ್ನು ಅಂದು ಎಷ್ಟು ಮನೆಗಳು ಒಪ್ಪಿದ್ದಾವು? ಅವರ ಜೊತೆಗೆ ಸುತ್ತಲಿನ ಹಳ್ಳಿಗಳಿಂದ ಆಗತಾನೆ ಶಾಲೆ ಮುಗಿಸಿ ಬಂದ ಹುಡುಗ ಹುಡುಗಿಯರಿಗೂ ತರಬೇತಿ ಕೊಟ್ಟು ಸೂಕ್ಷ್ಮ ಜೋಡಣೆಯ ಕೆಲಸ ಕಲಿಸಲಾಯಿತು.

ಈ ಕಲಿಕೆಯ ಫಲ ಮುಂದೆ ಕಂಡಿತು. 2002ರಲ್ಲಿ ಟೈಟನ್ ಹೊರತಂದ 'ಎಡ್ಜ್' ಗಡಿಯಾರದ ದಪ್ಪ ಕೇವಲ 3.5 ಮಿಲಿಮೀಟರ್. ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. ಅದನ್ನು ಕಂಪನಿಯ ಇಂಜಿನಿಯರುಗಳೇ ವಿನ್ಯಾಸ ಮಾಡಿದ್ದರು.

ಇತ್ತ ಎಚ್.ಎಂ.ಟಿ.ಯೂ ಕ್ವಾರ್ಟ್ಜ್ ಗಡಿಯಾರ ತಯಾರಿಸಿತು. ಆದರೆ ಅದರ ಯಂತ್ರಗಳು, ಕೌಶಲ, ಹೂಡಿಕೆಗಳು ಬಹುಪಾಲು ಯಾಂತ್ರಿಕ ಗಡಿಯಾರಗಳಿಗೇ ಮೀಸಲಾಗಿದ್ದವು. ನಷ್ಟ ಏರುತ್ತ ಹೋಯಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿತು. ತುಮಕೂರಿನ ಕಾರ್ಖಾನೆಯ ಜಾಗ ಅನಂತರ ಇಸ್ರೋ ಪಾಲಾಯಿತು. ಭದ್ರ ಎಂದುಕೊಂಡದ್ದು ಮುಚ್ಚಿತು, ಅಪಾಯ ಎಂದುಕೊಂಡದ್ದು ಬೆಳೆಯಿತು.

ಅವಸರದ ತೀರ್ಮಾನ ಬೇಡ

ಹಾಗಾದರೆ ಎಲ್ಲರೂ ಕೆಲಸ ಬಿಟ್ಟು ಹೊರಡಬೇಕೆ? ಇತಿಹಾಸ ಅಷ್ಟು ಸರಳ ಪಾಠ ಹೇಳುವುದಿಲ್ಲ. ಟೈಟನ್ ಆರಂಭವಾಗುವ ಕೆಲವೇ ವರ್ಷ ಮೊದಲು ಹೈದರಾಬಾದಿನ ಆಲ್ವಿನ್ ಕಂಪನಿಯೂ ಸೀಕೋ ಸಹಯೋಗದಿಂದ ಗಡಿಯಾರ ತಯಾರಿಕೆ ಆರಂಭಿಸಿತ್ತು. ತಂತ್ರಜ್ಞಾನ ಉತ್ತಮವಾಗಿತ್ತು, ಸಹಯೋಗಿ ಜಗದ್ವಿಖ್ಯಾತ. ಆದರೂ ಅದು ಬಾಳಲಿಲ್ಲ. ಗೆದ್ದವರನ್ನಷ್ಟೇ ಎಣಿಸಿ ನಿಯಮ ಹೇಳುವುದು, ಬದುಕಿದ ಗಿಡಗಳನ್ನಷ್ಟೇ ಎಣಿಸಿ ಸಸಿ ಸಾಯುವುದೇ ಇಲ್ಲ ಎಂದಂತೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಟೈಟನ್ ಬರಿಗೈಯಲ್ಲಿ ಹುಟ್ಟಿದ ಉದ್ಯಮವಲ್ಲ. ಅದರ ಹಿಂದೆ ದೊಡ್ಡ ಉದ್ಯಮ ಸಮೂಹದ ಬಂಡವಾಳವೂ ರಾಜ್ಯ ಸರ್ಕಾರದ ನಿಗಮವೂ ಇದ್ದವು. ಹೊಸೂರಿಗೆ ಹೋದ ತಂತ್ರಜ್ಞರ ಕೈಯಲ್ಲಿ ವರ್ಷಗಟ್ಟಲೆ ದುಡಿದು ಕಲಿತ ವಿದ್ಯೆ ಇತ್ತು. ಆ ವಿದ್ಯೆ ಕಲಿಸಿದ್ದು ಎಚ್.ಎಂ.ಟಿ.ಯೇ ಎಂಬುದನ್ನು ಮರೆಯಬಾರದು. ಹಳೆಯ ಸಂಸ್ಥೆ ಇಲ್ಲದಿದ್ದರೆ ಹೊಸದಕ್ಕೆ ಬೇಕಾದ ಕೈಗಳು ಸಿಗುತ್ತಿರಲಿಲ್ಲ.

ತೆಂಗಿನ ಮರದ ಭದ್ರತೆಯೂ ಇಂಥದೇ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಬೇಗನೆ ನಮ್ಮ ತೋಟಗಳಿಗೂ ಹಬ್ಬಿ ಕಾಯಿಗಳನ್ನು ಮುರುಟಿಸಿತು. ಬರಗಾಲ ಬಂದಾಗ ಹಳೆಯ ಮರಗಳೂ ಸುಳಿ ಒಣಗಿ ನಿಂತವು. ಮರ ನಿಂತಿದೆ ಎಂದ ಮಾತ್ರಕ್ಕೆ ತೋಟ ಭದ್ರವಲ್ಲ. ಮಣ್ಣು, ನೀರು, ಕೀಟಗಳನ್ನು ಗಮನಿಸುತ್ತಿರುವ ರೈತನಿಂದ ತೋಟ ಭದ್ರ.

ಆದ್ದರಿಂದ ವಿದ್ಯಾರ್ಥಿಯೊಬ್ಬ ಸಲಹೆ ಕೇಳಿ ಬಂದರೆ ಶಿಕ್ಷಕರು ಮೂರು ಪ್ರಶ್ನೆ ಕೇಳಬಹುದು. ನೀನಿರುವ ಸಂಸ್ಥೆಯ ತಂತ್ರಜ್ಞಾನ ಏರುತ್ತಿದೆಯೋ ಇಳಿಯುತ್ತಿದೆಯೋ? ಹೊಸ ಸಂಸ್ಥೆ ಮುಚ್ಚಿಹೋದರೂ ನಿನ್ನೊಡನೆ ಉಳಿಯುವ ವಿದ್ಯೆ ಯಾವುದು? ಆದಾಯವಿಲ್ಲದೆ ನಿನ್ನ ಮನೆ ಎಷ್ಟು ತಿಂಗಳು ನಡೆದೀತು? ಕೊನೆಯ ಪ್ರಶ್ನೆ ಸಣ್ಣದಲ್ಲ. ಅಟ್ಟದ ಕೊಬ್ಬರಿ ಮಾರುವವರೆಗೆ ಸಂಸಾರ ನಡೆಸಲು ರೈತನಿಗೆ ಬೇರೇನಾದರೂ ದಾರಿ ಇರಲೇಬೇಕು. ಇಲ್ಲದವನು ಕಾಯಿಯನ್ನು ಹಸಿಯಾಗಿಯೇ ಮಾರಬೇಕಾಗುತ್ತದೆ.

ತರಗತಿಯಲ್ಲಿ ಒಂದು ಚಟುವಟಿಕೆಯನ್ನೂ ಮಾಡಿಸಬಹುದು. ಕಪ್ಪು ಹಲಗೆಯ ಮೇಲೆ 32,768 ಎಂದು ಬರೆದು ಮಕ್ಕಳಿಂದಲೇ ಹದಿನೈದು ಸಲ ಅರ್ಧ ಮಾಡಿಸಿ. ಕೊನೆಗೆ 1 ಉಳಿದಾಗ, ಈ ಪುಟ್ಟ ಲೆಕ್ಕವನ್ನು ತಡವಾಗಿ ಗಮನಿಸಿದ ದೊಡ್ಡ ಕಾರ್ಖಾನೆಗಳ ಕಥೆಯನ್ನು ಹೇಳಿ. ತುಮಕೂರಿನ ಕಾರ್ಖಾನೆಯಲ್ಲಿ ದುಡಿದ ಹಿರಿಯರು ನಿಮ್ಮ ಊರಿನಲ್ಲಿದ್ದರೆ ಅವರನ್ನೇ ತರಗತಿಗೆ ಕರೆಯಿರಿ. ಉಳಿದ ಪಾಠವನ್ನು ಅವರು ಹೇಳುತ್ತಾರೆ.