ಹಳೇ ಇಂಜಿನ್ ಕಥೆ, ಭಾಗ 3: ಪದ್ಮಿನಿಯ ನಿಜವಾದ ವಯಸ್ಸು

ರೋಡಲ್ಲಿ ಪ್ರೀಮಿಯರ್ ಪದ್ಮಿನಿ ಕಂಡ್ರೆ "ತಾತನ ಕಾಲದ ಗಾಡಿ" ಅಂತೀರಲ್ಲ? ಇಂಜಿನ್ ಲೆಕ್ಕಕ್ಕೆ ಬಂದ್ರೆ ಅದು ನಿಮ್ಮ ತಾತನಿಗಿಂತ್ಲೂ ದೊಡ್ಡದಿರಬಹುದು.

1937, ಇಟಲಿ. ಫಿಯೆಟ್ ಕಂಪನಿ 508ಸಿ ಅನ್ನೋ ಕಾರು ತಂತು. ಅದರ ವಿನ್ಯಾಸದ ಹಿಂದಿದ್ದವರು ದಾಂತೆ ಜಕೋಸಾ. ನಾಲ್ಕು ಸಿಲಿಂಡರ್, 68 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಒಟ್ಟು 1089 ಸಿಸಿ. ಈಗ ಪದ್ಮಿನಿಯ ಅಳತೆ ನೋಡಿ: 68, 75, 1089. ನಡುವೆ ಸುಧಾರಣೆ ಬೇಕಾದಷ್ಟು ಆಗಿದೆ, ಬುಡ ಮಾತ್ರ ಅದೇ.

ಇಲ್ಲಿಗೆ ಹೇಗೆ ಬಂತು? ಭಾರತದಲ್ಲೇ ಕಾರು ಮಾಡ್ಬೇಕು ಅಂತ 1930ರ ದಶಕದಲ್ಲೇ ಯೋಜನೆ ಹಾಕಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯ ಒಬ್ಬರು. ಜೊತೆಗಿದ್ದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಕೊನೆಗೆ 1944ರಲ್ಲಿ ವಾಲ್‌ಚಂದ್ ಮುಂಬೈಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು. 1964ರಲ್ಲಿ ಅಲ್ಲಿಂದ ಫಿಯೆಟ್ 1100 ಡಿಲೈಟ್ ಬಂತು. ಅದೇ ಕಾರಿಗೆ 1974ರಲ್ಲಿ ಪದ್ಮಿನಿ ಅಂತ ಹೆಸರಾಯ್ತು.

ಲೈಸೆನ್ಸ್ ರಾಜ್ ಕಾಲದಲ್ಲಿ ಎಷ್ಟು ಕಾರು ಮಾಡ್ಬೇಕು ಅನ್ನೋದಕ್ಕೂ ಸರ್ಕಾರದ ಅನುಮತಿ ಬೇಕಿತ್ತು. ಬುಕ್ ಮಾಡಿದವರು ವರ್ಷಗಟ್ಟಲೆ ಕಾಯ್ತಿದ್ರು. ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ ಡಿಮ್ಯಾಂಡ್ ಜಾಸ್ತಿ, ಸಪ್ಲೈ ಕಮ್ಮಿ, ಪೈಪೋಟಿ ಇಲ್ಲವೇ ಇಲ್ಲ. ಕಂಪನಿಗೆ ಇಂಜಿನ್ ಬದಲಾಯಿಸೋ ಅವಸರ ಇರಲಿಲ್ಲ. ಓನರ್‌ಗೆ ಹೊಸ ಗಾಡಿ ಸುಲಭಕ್ಕೆ ಸಿಗ್ತಿರಲಿಲ್ಲ. ಹಾಗಾಗಿ ಇರೋದನ್ನೇ ಬಿಚ್ಚು, ರೀಬೋರ್ ಮಾಡಿಸು, ಮತ್ತೆ ಓಡಿಸು!

ಅದಕ್ಕೆ ಈ ಇಂಜಿನ್ ಹೇಳಿ ಮಾಡಿಸಿದ ಹಾಗಿದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕ್ಯಾಮ್‌ಶಾಫ್ಟ್ ಬ್ಲಾಕ್ ಒಳಗೆ, ಪುಶ್‌ರಾಡ್ ಮೂಲಕ ವಾಲ್ವ್ ತೆಗೆಯುತ್ತೆ. ಅದಕ್ಕೇ ನನ್ನಂಥ ಹೊಸಬ ಕೂಡ ಮನೆ ಶೆಡ್ಡಲ್ಲಿ ಸ್ಪ್ಯಾನರ್ ಹಿಡಿದು ಕೂರೋಕೆ ಧೈರ್ಯ ಮಾಡಿದ್ದು.

ಹೆಡ್ ಎತ್ತಿದ್ರೆ ಮೊದಲು ಪಿಸ್ಟನ್ ತಲೆ ಮೇಲಿನ ಮಸಿ ಒರೆಸಿ. ಓವರ್‌ಸೈಜ್ ಪಿಸ್ಟನ್ ಆಗಿದ್ರೆ ಸಾಮಾನ್ಯವಾಗಿ ಅಲ್ಲಿ ಅಂಕಿ ಒತ್ತಿರುತ್ತೆ. ಹಿಂದೆ ಎಷ್ಟು ಕೊರೆಸಿದ್ದಾರೆ ಅನ್ನೋದು ಅದರಲ್ಲಿ ಗೊತ್ತಾಗುತ್ತೆ. ಆರ್‌ಸಿ ಬುಕ್ಕಲ್ಲಿ ಇಲ್ಲದ ಚರಿತ್ರೆ ಅದು.

ಈಗ ನನ್ನ ಮುಂದಿರೋ ಪ್ರಶ್ನೆಯೂ ಅದೇ. ಪ್ರತಿ ರೀಬೋರ್‌ಗೂ ಸಿಲಿಂಡರ್ ಗೋಡೆ ತೆಳ್ಳಗಾಗುತ್ತೆ, ಹೋದ ಕಬ್ಬಿಣ ವಾಪಸ್ ಬರಲ್ಲ. ಬ್ಲಾಕ್ ಅನ್ನೋದು ಬಂಡವಾಳ, ರೀಬೋರ್ ಅನ್ನೋದು ಅದರಿಂದ ತೆಗೆದು ತಿನ್ನೋ ದುಡ್ಡು. ಅದಕ್ಕೆ ಮೊದಲು ಬೋರ್ ಗೇಜ್ ಇಟ್ಟು ಅಳೆಯೋದು. ಸವೆತ ಮಿತಿಯೊಳಗಿದ್ರೆ ಹೋನ್ ಮಾಡಿ ಹೊಸ ರಿಂಗ್ ಹಾಕಿದ್ರೆ ಸಾಕು. ಮಿತಿ ದಾಟಿದ್ರೆ ಮಾತ್ರ ಲೇತ್ ಅಂಗಡಿ.

ಅಕೌಂಟ್ಸ್ ಕ್ಲಾಸಲ್ಲಿ ಡಿಪ್ರಿಸಿಯೇಷನ್ ಹಾಕ್ತಾ ಹಾಕ್ತಾ ಬುಕ್ ವ್ಯಾಲ್ಯೂ ಸೊನ್ನೆ ಹತ್ತಿರ ತರ್ತೀವಲ್ಲ, ಪುಸ್ತಕದಲ್ಲಿ ಸೊನ್ನೆಯಾದದ್ದು ರಸ್ತೆ ಮೇಲೂ ಸೊನ್ನೆ ಆಗಿರಬೇಕು ಅಂತೇನಿಲ್ಲ. ನಿಮ್ಮನೇಲಿ ಹಳೇ ಗಾಡಿ ನಿಂತಿದ್ರೆ ಗುಜರಿಗೆ ತೂಗಿ ಕೊಡೋ ಮುಂಚೆ ಒಂದ್ಸಲ ಹೆಡ್ ಬಿಚ್ಚಿಸಿ ನೋಡಿ. ಯಾವ ಗಾಡಿ ಅಂತ ಕೆಳಗೆ ಬರೀರಿ.

ಭಾಗ 4ರಲ್ಲಿ: ಬೋರ್ ಗೇಜ್ ಏನು ಹೇಳ್ತು?

#ಹಳೇಇಂಜಿನ್‌ಕಥೆ #ಪದ್ಮಿನಿ