ಪದ ಪರಿಚಯ: ಇಂಡೆಕ್ಸ್

ಲ್ಯಾಟಿನ್ ಭಾಷೆಯಲ್ಲಿ 'ಇಂಡೆಕ್ಸ್' ಎಂದರೆ ತೋರಿಸುವಂಥದ್ದು. ತೋರುಬೆರಳಿಗೂ ಅದೇ ಹೆಸರು. ನಮ್ಮ 'ತೋರುಬೆರಳು' ಹುಟ್ಟಿದ್ದೂ ಇದೇ ಭಾವದಿಂದ. ಪುಸ್ತಕದ ಕೊನೆಯ ಪುಟಗಳಲ್ಲಿ ಇಂಡೆಕ್ಸ್ ನಮಗೆ ಪದಸೂಚಿಯಾಯಿತು, ಅಕಾರಾದಿಯಾಯಿತು. ಡೇಟಾಬೇಸಿನಲ್ಲಿ ಮಾತ್ರ ಇಂಡೆಕ್ಸ್ ಆಗಿಯೇ ಉಳಿದಿದೆ. "ಆ ಕಾಲಂಗೆ ಇಂಡೆಕ್ಸ್ ಹಾಕಿದ್ದೀಯಾ?" ಎನ್ನುವುದು ಬೆಂಗಳೂರಿನ ಆಫೀಸುಗಳಲ್ಲಿ ದಿನಬಳಕೆಯ ಮಾತು.

ಹಾಕಿದರಷ್ಟೇ ಸಾಲದು, ಹುಡುಕುವ ರೀತಿಯೂ ಅದಕ್ಕೆ ಹೊಂದಬೇಕು. 1894ರಲ್ಲಿ ಬಂದ ಕಿಟೆಲ್ ನಿಘಂಟನ್ನೇ ನೋಡಿ. 'ಬಳೆ' ಎಂದು ಶುರುವಾಗುವ ಪದಗಳು ಕ್ಷಣದಲ್ಲಿ ಸಿಗುತ್ತವೆ. ಬಳೆಗಾರ, ಹಾಡುಗಾರ, ಮೋಸಗಾರ ಎಂಬಂತೆ 'ಗಾರ' ಎಂದು ಮುಗಿಯುವ ಪದಗಳೆಲ್ಲ ಬೇಕೆಂದರೆ ಮೊದಲ ಪುಟದಿಂದ ಕೊನೆಯವರೆಗೆ ಮಗುಚಲೇಬೇಕು. ಡೇಟಾಬೇಸಿನ ಪಾಡೂ ಅದೇ. ಎಸ್‌ಕ್ಯೂಎಲ್ ಕ್ವೆರಿಯಲ್ಲಿ ಲೈಕ್ ಬಳಸುವಾಗ '%ಗಾರ' ಎಂದು ಚಿಹ್ನೆಯನ್ನು ಮೊದಲಿಗೇ ಇಟ್ಟರೆ ಸಾಮಾನ್ಯ ಇಂಡೆಕ್ಸಿಗೆ ಹುಡುಕಲು ದಾರಿಯೇ ಇರುವುದಿಲ್ಲ. ದಿನಾಂಕದ ಕಾಲಂ ಅನ್ನು ಇಯರ್ ಫಂಕ್ಷನ್ನಿನಲ್ಲಿ ಸುತ್ತಿ 2024ಕ್ಕೆ ಹೋಲಿಸಿದರೂ ಇದೇ ಗತಿ. ಬದಲಿಗೆ 2024ರ ಜನವರಿ 1ರಿಂದ ಹಿಡಿದು 2025ರ ಜನವರಿ 1ಕ್ಕಿಂತ ಮೊದಲು ಎಂದು ಎರಡು ಮಿತಿ ಕೊಡಿ. ಜಿಲ್ಲೆ, ತಾಲ್ಲೂಕು ಎಂಬ ಕ್ರಮದಲ್ಲಿ ಕಟ್ಟಿದ ಜೋಡಿ ಇಂಡೆಕ್ಸ್ ಬರೀ ತಾಲ್ಲೂಕಿನ ಹುಡುಕಾಟಕ್ಕೆ ಸಾಮಾನ್ಯವಾಗಿ ಒದಗುವುದಿಲ್ಲ.

ಕಂಡ ಕಾಲಂಗೆಲ್ಲ ಇಂಡೆಕ್ಸ್ ಹಾಕುವ ಚಾಳಿಯೂ ಒಳ್ಳೆಯದಲ್ಲ. ಹೊಸ ಸಾಲು ಸೇರಿದಾಗಲೆಲ್ಲ ಅಷ್ಟನ್ನೂ ತಿದ್ದುವ ಕೆಲಸ ಡೇಟಾಬೇಸಿನ ಮೇಲೆ ಬೀಳುತ್ತದೆ. ಮೈಎಸ್‌ಕ್ಯೂಎಲ್ ಆಗಲಿ, ಪೋಸ್ಟ್‌ಗ್ರೆಸ್ ಆಗಲಿ, ಕ್ವೆರಿ ನಿಧಾನವಾದರೆ ಮೊದಲು ಅದರ ಮುಂದೆ ಎಕ್ಸ್‌ಪ್ಲೇನ್ ಎಂದು ಬರೆದು ಓಡಿಸಿ ನೋಡಿ. ಇಂಡೆಕ್ಸ್ ಬಳಕೆಯಾಗುತ್ತದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ.