ಬಾಗಿಲಲ್ಲಿ ಎಣಿಸಿಕೊಟ್ಟ ಹಣ

2007ರ ಅಕ್ಟೋಬರಿನಲ್ಲಿ ಬೆಂಗಳೂರಿನ ಕೋರಮಂಗಲದ ಒಂದು ಫ್ಲ್ಯಾಟಿನಿಂದ ಶುರುವಾದ ಫ್ಲಿಪ್‌ಕಾರ್ಟ್ ಎಂಬ ಪುಸ್ತಕದಂಗಡಿಗೆ ಮೊದಲ ಆರ್ಡರು ಬಂದದ್ದು ಆಗಿನ ಆಂಧ್ರಪ್ರದೇಶದ ಮೆಹಬೂಬ್‌ನಗರದಿಂದ. ಕೇಳಿದ್ದು ಜಾನ್ ವುಡ್ ಬರೆದ ಒಂದು ಇಂಗ್ಲಿಷ್ ಪುಸ್ತಕ. ಅಂಗಡಿಯಲ್ಲಿ ದಾಸ್ತಾನೆಂಬುದೇ ಇರಲಿಲ್ಲ. ಊರಿನ ಪುಸ್ತಕದಂಗಡಿಗಳನ್ನೆಲ್ಲ ತಡಕಾಡಿ ಒಂದು ಪ್ರತಿ ಹುಡುಕಿ ಕಳಿಸಬೇಕಾಯಿತು. ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ಎಂಜಿನಿಯರುಗಳು, ನಾಲ್ಕು ಲಕ್ಷ ರೂಪಾಯಿ ಬಂಡವಾಳ, ಜೊತೆಗೆ ಕಂಪ್ಯೂಟರು: ಈ ಕಥೆಯನ್ನು ನಮ್ಮ ಪತ್ರಿಕೆಗಳು ಸಾಕಷ್ಟು ಸಲ ಹೇಳಿವೆ. ಪ್ರತಿ ಸಲವೂ ನಾಯಕನ ಪಟ್ಟ ಕಂಪ್ಯೂಟರಿಗೇ ಸಿಗುತ್ತದೆ. ನನ್ನ ವಾದ ಬೇರೆ. ಭಾರತದಲ್ಲಿ ಆನ್‌ಲೈನ್ ವ್ಯಾಪಾರದ ಮೊದಲ ದಿನಗಳ ಕಗ್ಗಂಟು ತಂತ್ರಜ್ಞಾನದ್ದಾಗಿರಲಿಲ್ಲ, ಅಪನಂಬಿಕೆಯದಾಗಿತ್ತು. ಆ ಅಪನಂಬಿಕೆಯ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಯೇ ಯಾವ ಅಂಗಡಿ ಉಳಿಯಿತು, ಯಾವುದು ಮುಚ್ಚಿತು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿತು. ಆ ಪ್ರಶ್ನೆಯೂ ಹೊಸದಲ್ಲ. ಅದಕ್ಕೆ ಮೊದಲ ಉತ್ತರ ಕೊಟ್ಟದ್ದು ಅಂಚೆ ಕಛೇರಿ, ಅದೂ 1877ರಲ್ಲಿ.

ಆ ವರ್ಷ ಜಾರಿಗೆ ಬಂದ ವ್ಯಾಲ್ಯೂ ಪೇಯಬಲ್ ವ್ಯವಸ್ಥೆ ಜನರ ಬಾಯಲ್ಲಿ ವಿ.ಪಿ.ಪಿ. ಎಂದೇ ಉಳಿಯಿತು. ಅದರ ಕ್ರಮ ಸರಳ. ಮಾರುವವನು ಬೆಲೆ ನಮೂದಿಸಿ ಪಾರ್ಸೆಲನ್ನು ಅಂಚೆಗೆ ಒಪ್ಪಿಸುತ್ತಾನೆ. ಕೊಳ್ಳುವವನು ಮನೆ ಬಾಗಿಲಲ್ಲಿ ಪೋಸ್ಟ್‌ಮ್ಯಾನ್ ಕೈಗೆ ಹಣ ಎಣಿಸಿಕೊಟ್ಟು ಬಿಡಿಸಿಕೊಳ್ಳುತ್ತಾನೆ. ಆ ಹಣ ಅಂಚೆಯ ಮೂಲಕವೇ ಮಾರಿದವನಿಗೆ ತಲುಪುತ್ತದೆ. ಮೂರು ವರ್ಷದೊಳಗೆ, 1880ರಲ್ಲಿ, ಮನಿಯಾರ್ಡರ್ ಕೆಲಸವೂ ಅಂಚೆಯ ಕೈಗೆ ಬಂದಮೇಲೆ ಈ ಸರಪಳಿಗೆ ಕೊಂಡಿ ಕೂಡಿಕೊಂಡಿತು. ಮುಖ ಕಾಣದ ಇಬ್ಬರ ನಡುವೆ, ಇಬ್ಬರೂ ನಂಬುವ ಮೂರನೆಯವನೊಬ್ಬ ನಿಂತಂತಾಯಿತು. ಕನ್ನಡ ಪುಸ್ತಕ ವ್ಯಾಪಾರಕ್ಕೆ ಇದರ ಬೆಲೆ ಚೆನ್ನಾಗಿ ಗೊತ್ತು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ನಮ್ಮಲ್ಲಿ ಒಂದು ಆದರ್ಶದ ಕಥೆಯಾಗಿ ನಿಂತಿದೆ. ಆದರೆ ಹೊತ್ತು ತಿರುಗುವ ವ್ಯಾಪಾರ ಒಂದು ಹೆಗಲಿಗೆ ಆಗುವಷ್ಟೇ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಹುಟ್ಟುಹಾಕಿದ ಮನೋಹರ ಗ್ರಂಥಮಾಲೆಯಂಥ ಮಾಲೆಗಳು ಚಂದಾದಾರರನ್ನು ಕೂಡಿಸಿ, ಪುಸ್ತಕದಂಗಡಿಯೇ ಇಲ್ಲದ ಊರುಗಳನ್ನು ಮುಟ್ಟಲು ಸಾಧ್ಯವಾದದ್ದರ ಹಿಂದೆ ಅಂಚೆಯವನ ಚೀಲವಿತ್ತು.

ವಿ.ಪಿ.ಪಿ.ಗೆ ಮೋಸವೂ ಹುಟ್ಟಿನಿಂದಲೇ ಅಂಟಿಕೊಂಡಿತ್ತು. ಹಣ ಕೊಟ್ಟಮೇಲೆಯೇ ಪಾರ್ಸೆಲ್ ಒಡೆಯಬೇಕು, ಒಡೆದರೆ ಕಸಕಡ್ಡಿ. ಕೇಳದವರಿಗೂ ಪಾರ್ಸೆಲ್ ಕಳಿಸಿ ದುಡ್ಡು ಕೀಳುವವರಿದ್ದರು. 1898ರ ಅಂಚೆ ಕಾಯಿದೆಯೂ ಅದರ ಮುಂದಿನ ತಿದ್ದುಪಡಿಗಳೂ ಇದನ್ನು ಗಮನಿಸಿದವು: ನಿಜವಾದ ಬೇಡಿಕೆಯ ಮೇರೆಗೇ ಇದನ್ನು ಕಳಿಸುತ್ತಿದ್ದೇನೆ ಎಂದು ಕಳಿಸುವವನಿಂದ ಘೋಷಣೆ ಪಡೆಯಲು, ವಂಚನೆಯಾದಾಗ ವಸೂಲಾದ ಹಣವನ್ನು ತಡೆಹಿಡಿದು ಕೊಂಡವನಿಗೆ ಹಿಂದಿರುಗಿಸಲು ನಿಯಮ ಮಾಡುವ ಅಧಿಕಾರ ಅಲ್ಲಿತ್ತು. ಮೊಬೈಲ್ ತರಿಸಿದರೆ ಸೋಪು ಬಂತು ಎಂಬ ಇಂದಿನ ದೂರಿಗೂ ಆ ಕಲಮುಗಳಿಗೂ ನೆಂಟಸ್ತಿಕೆಯಿದೆ. ಇನ್ನೊಂದು ಬಗೆಯ ನಷ್ಟ ಮಾತ್ರ ಕಾಯಿದೆಯ ಕೈಗೆ ಸಿಗಲಿಲ್ಲ. ತರಿಸಿಕೊಂಡವನು ಬಾಗಿಲಲ್ಲಿ 'ಬೇಡ' ಎಂದುಬಿಟ್ಟರೆ ಪಾರ್ಸೆಲ್ ವಾಪಸ್. ಕಳಿಸಿದ ಅಂಚೆ ಖರ್ಚು ಮಾರುವವನ ತಲೆಗೇ. ಆದ್ದರಿಂದಲೇ ಎಷ್ಟೋ ಪ್ರಕಾಶಕರು ವಿ.ಪಿ.ಪಿ. ಆರ್ಡರಿನ ಜೊತೆಗೂ ಒಂದಿಷ್ಟು ಮುಂಗಡ ಕೇಳುತ್ತಿದ್ದರು.

ಈ ಹಿನ್ನೆಲೆಯನ್ನಿಟ್ಟುಕೊಂಡು ಇಂಟರ್ನೆಟ್ ಕಾಲಕ್ಕೆ ಬಂದರೆ ಚಿತ್ರ ಬದಲಾಗಿ ಕಾಣುತ್ತದೆ. ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ನಾಲ್ಕೇ ವರ್ಷಕ್ಕೆ, 1999ರಲ್ಲಿ, ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಹುಟ್ಟಿತು. ಮೊದಲು ಹಾಡಿನ ಸಿ.ಡಿ., ಆಮೇಲೆ ಪುಸ್ತಕ, ದಿನಸಿ. ಆಗ ಆನ್‌ಲೈನ್ ವಹಿವಾಟಿಗೆ ಕಾನೂನಿನ ನೆಲೆ ಕೊಡುವ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಇರಲಿಲ್ಲ. ಅದು ಜಾರಿಗೆ ಬಂದದ್ದು 2000ದ ಅಕ್ಟೋಬರಿನಲ್ಲಿ. ಡಯಲ್‌-ಅಪ್ ಕಿರುಗುಟ್ಟುತ್ತಿದ್ದ ಆ ಕಾಲದಲ್ಲಿ ಫ್ಯಾಬ್‌ಮಾರ್ಟ್ ಬಳಗವೇ ಕಟ್ಟಿದ ಇಟ್ಟಿಗೆ-ಗಾರೆಯ ದಿನಸಿ ಅಂಗಡಿಗಳೇ ಚೆನ್ನಾಗಿ ನಡೆದವು. 2006ರಲ್ಲಿ ಅವನ್ನು ಆದಿತ್ಯ ಬಿರ್ಲಾ ಸಮೂಹ ಕೊಂಡಿತು. ಜಾಲದ ಅಂಗಡಿ ಇಂಡಿಯಾಪ್ಲಾಜಾ ಎಂಬ ಹೆಸರಿನಲ್ಲಿ ಮುಂದುವರಿದು 2013ರಲ್ಲಿ ಮುಚ್ಚಿತು. ಫ್ಲಿಪ್‌ಕಾರ್ಟ್ ಪುಸ್ತಕದಿಂದ ಹೊರಟದ್ದೂ ಅಪನಂಬಿಕೆಯನ್ನು ತಕ್ಕಮಟ್ಟಿಗೆ ಸುತ್ತಿಹೋಗುವ ದಾರಿಯೇ ಆಗಿತ್ತು: ಬೆಲೆ ಬೆನ್ನಿನ ಮೇಲೆ ಅಚ್ಚಾಗಿರುತ್ತದೆ, ಅಳತೆ ನೋಡಬೇಕಿಲ್ಲ, ಸಾಗಿಸುವಾಗ ಒಡೆಯುವುದಿಲ್ಲ, ಒಂದು ಪ್ರತಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಸೀರೆಗೋ ಮೊಬೈಲಿಗೋ ಈ ಸೌಕರ್ಯವಿಲ್ಲ. ಜೊತೆಗೆ ಆ ಹೊತ್ತಿಗೆ ದೇಶದಲ್ಲಿದ್ದ ಕ್ರೆಡಿಟ್ ಕಾರ್ಡುಗಳು ಎರಡೂವರೆ ಕೋಟಿಯ ಆಸುಪಾಸು. 2009ರ ಆಗಸ್ಟಿನಿಂದ ಆನ್‌ಲೈನ್ ಕಾರ್ಡು ಪಾವತಿಗೆ ರಿಸರ್ವ್ ಬ್ಯಾಂಕು ಎರಡನೇ ಹಂತದ ಪರಿಶೀಲನೆಯನ್ನು ಕಡ್ಡಾಯ ಮಾಡಿದಾಗ ಸುರಕ್ಷತೆ ಹೆಚ್ಚಿತು, ದಾಟಬೇಕಾದ ಹೊಸ್ತಿಲೂ ಒಂದು ಹೆಚ್ಚಿತು. 2010ರಲ್ಲಿ ಫ್ಲಿಪ್‌ಕಾರ್ಟ್ ಕ್ಯಾಶ್ ಆನ್ ಡೆಲಿವರಿ (ಸಿ.ಒ.ಡಿ.) ಶುರುಮಾಡಿತು. ಹೆಸರು ಹೊಸದು, ಬಾಗಿಲಲ್ಲಿ ನಡೆದದ್ದು ವಿ.ಪಿ.ಪಿ.ಯೇ. ವಿ.ಪಿ.ಪಿ.ಯನ್ನು ಇಲ್ಲಿ ಜಾರಿಗೆ ತಂದಿದ್ದ ಅಂಚೆ ಇಲಾಖೆಯೂ 2013ರಲ್ಲಿ ತನ್ನ ಪಾರ್ಸೆಲ್ ಸೇವೆಗೆ ಇದೇ ಹೊಸ ಹೆಸರನ್ನು ಹಚ್ಚಿಕೊಂಡಿತು. ಅಜ್ಜ ಮೊಮ್ಮಗನ ಅಂಗಿ ತೊಟ್ಟಂತೆ.

ಇದಕ್ಕೆ ಒಂದು ಆಕ್ಷೇಪವನ್ನು ರೈಲ್ವೆಯಿಂದ ತರಬಹುದು. ಐ.ಆರ್.ಸಿ.ಟಿ.ಸಿ. 2002ರ ಆಗಸ್ಟಿನಲ್ಲೇ ಜಾಲದಲ್ಲಿ ಟಿಕೆಟ್ ಮಾರಲು ತೊಡಗಿತು. ಜನ ಮೊದಲೇ ಹಣ ಕಟ್ಟಿ, ಟಿಕೆಟ್ ಕೊರಿಯರಿನಲ್ಲಿ ಬರುವವರೆಗೆ ಕಾದರು. ಅಪನಂಬಿಕೆಯೇ ಅಡ್ಡಿಯಾಗಿದ್ದರೆ ಇದು ಹೇಗೆ ನಡೆಯಿತು? ನನಗೆ ಇದು ವಾದವನ್ನು ಗಟ್ಟಿಮಾಡುವ ಉದಾಹರಣೆಯಾಗಿ ಕಾಣುತ್ತದೆ. ಅಲ್ಲಿ ಜನ ನಂಬಿದ್ದು ಜಾಲತಾಣವನ್ನಲ್ಲ, ನೂರೈವತ್ತು ವರ್ಷದ ರೈಲ್ವೆಯನ್ನು. ಟಿಕೆಟ್ಟಿನಲ್ಲಿ ಬಣ್ಣ ಬಿಡುವುದು, ಅಳತೆ ತಪ್ಪುವುದು ಎಂಬುದಿಲ್ಲ. ಕೋರಮಂಗಲದ ಫ್ಲ್ಯಾಟಿಗೆ ಅಂಥ ಪೂರ್ವಾರ್ಜಿತ ಆಸ್ತಿ ಎಲ್ಲಿಂದ ಬರಬೇಕು?

ಹೆಚ್ಚು ಬಲವಾದ ಆಕ್ಷೇಪ ಬಂಡವಾಳದ್ದು. 2009ರಿಂದ ಹೊರಗಿನ ಹೂಡಿಕೆ ಹರಿದುಬಂತು, ಅದಕ್ಕೇ ಫ್ಲಿಪ್‌ಕಾರ್ಟ್ ಬೆಳೆಯಿತು. ಬಾಗಿಲಲ್ಲಿ ಹಣ ಪಡೆಯುವುದು ಒಂದು ಸಣ್ಣ ಅನುಕೂಲವಷ್ಟೇ ಎನ್ನುವವರಿದ್ದಾರೆ. ಹೂಡಿಕೆಯ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಹಣ ಏನನ್ನು ಕೊಂಡಿತು ಎಂದು ಕೇಳಬೇಕು. ವಾಪಸ್ ಬಂದ ಪಾರ್ಸೆಲಿನ ಎರಡು ಕಡೆಯ ಸಾಗಣೆ ಖರ್ಚು, ನಗದು ಎಣಿಸುವ ಹುಡುಗರ ಸಂಬಳ, ಕೈಗೆ ಬರುವವರೆಗೆ ಸಿಕ್ಕಿಕೊಂಡ ದುಡ್ಡು, ಸ್ವಂತ ಬಟವಾಡೆ ಜಾಲ: ಇವೆಲ್ಲ ಅಪನಂಬಿಕೆಯ ಬಿಲ್ಲುಗಳು. ವಿ.ಪಿ.ಪಿ. ಕಾಲದಲ್ಲಿ ಈ ಬಿಲ್ಲಿನ ಒಂದು ಪಾಲನ್ನು ಬಹಳಷ್ಟು ಊರುಗಳಲ್ಲಿ ಕಛೇರಿಯಿದ್ದ ಅಂಚೆ ಹೊತ್ತಿತ್ತು. ಈಗ ಇಡಿಯಾಗಿ ವ್ಯಾಪಾರಿಯೇ ಹೊರಬೇಕಾಯಿತು. ಹೊರಬಲ್ಲವನು ದೊಡ್ಡವನಾದ. ಹೊರಲಾರದ ಸಣ್ಣವನು ದೊಡ್ಡವನ ಜಗಲಿಯಲ್ಲಿ ಜಾಗ ಹಿಡಿದ. 2013ರಲ್ಲಿ ಫ್ಲಿಪ್‌ಕಾರ್ಟ್ ಇತರ ಮಾರಾಟಗಾರರಿಗೆ ತನ್ನ ತಾಣವನ್ನು ತೆರೆದದ್ದು, ಅದೇ ವರ್ಷ ಅಮೆಜಾನ್ ಇಲ್ಲಿ ಅದೇ ರೀತಿ ಕಾಲಿಟ್ಟದ್ದು ವಿದೇಶಿ ಹೂಡಿಕೆಯ ನಿಯಮಗಳಿಂದಾಗಿ ಎಂಬುದು ನಿಜ. ಆದರೆ ಸಾವಿರಾರು ಸಣ್ಣ ವ್ಯಾಪಾರಿಗಳು ಕಮಿಷನ್ ತೆತ್ತಾದರೂ ಅಲ್ಲಿಗೆ ಹೋದದ್ದು ನಿಯಮಕ್ಕಾಗಿ ಅಲ್ಲ. ತಮ್ಮನ್ನು ಅರಿಯದ ಗಿರಾಕಿ ಆ ಹೆಸರನ್ನು ಅರಿತಿದ್ದನೆಂಬುದಕ್ಕಾಗಿ.

ಕೋರಮಂಗಲದವರು ಅಂಚೆಯ ಹಳೆಯ ಕಡತ ಓದಿ ಈ ದಾರಿ ಹಿಡಿದರೆಂದು ನಾನು ಹೇಳುತ್ತಿಲ್ಲ. ದೂರದವರ ನಡುವಿನ ವ್ಯಾಪಾರಕ್ಕೆ ಈ ನೆಲದಲ್ಲಿದ್ದ ತೊಡಕು ಅದೇ ಆಗಿದ್ದರಿಂದ ಪರಿಹಾರವೂ ಅದೇ ಆಕಾರ ತಳೆಯಿತು, ಅಷ್ಟೆ. 2016ರಲ್ಲಿ ಯು.ಪಿ.ಐ. ಬಂದಮೇಲೆ ಹಣ ಕಳಿಸುವ ಕಷ್ಟ ಹೆಚ್ಚುಕಡಿಮೆ ಇಲ್ಲವಾಯಿತು. ಆದರೂ ಬಾಗಿಲಲ್ಲಿ ಹಣ ಕೊಡುವ ರೂಢಿ ಅಳಿದಿಲ್ಲ. ಇನ್ನೊಂದು ಕಡೆ, ಮನೆಯಿಂದಲೇ ಇನ್‌ಸ್ಟಾಗ್ರಾಂನಲ್ಲಿ ಇಳಕಲ್ ಸೀರೆ ಮಾರುವ ಸಣ್ಣ ಅಂಗಡಿಗಳಲ್ಲಿ ಸೆರಗಿನ ಚಿತ್ರದ ಕೆಳಗೆ ಫೋನ್ ನಂಬರು, ಅದರ ಕೆಳಗೆ 'ನೋ ಸಿ.ಒ.ಡಿ.' ಎಂಬ ಸೂಚನೆ ಕಾಣುತ್ತದೆ. ಹಳೆಯ ಪ್ರಕಾಶಕರು ಪುಸ್ತಕಪಟ್ಟಿಯ ಕೊನೆಯಲ್ಲಿ ಮುಂಗಡ ಕೇಳುತ್ತಿದ್ದ ಜಾಗದಲ್ಲೇ.